ಸುಣ್ಣದ ಜಂಗಮ



ಸಮುದ್ರದ ಮಾತನ್ನು ಬಚ್ಚಲಿನಿಂದ ಶುರು ಮಾಡುತ್ತಿದ್ದೇನೆ, ಬೇಸರಪಟ್ಟುಕೊಳ್ಳಬೇಡಿ. ವಿಜಯಪುರ ಜಿಲ್ಲೆಯ ತಿಕೋಟಾದಲ್ಲಿ ನಮ್ಮ ನೆಂಟರ ಮನೆಯ ಬಚ್ಚಲು ಅದು. ದ್ರಾಕ್ಷಿ ಬೆಳೆಯುವ ಮನೆತನ. ಮಣೂಕ ಒಣಹಾಕಿದ ಶೆಡ್ಡು ನೋಡಿಕೊಂಡು ಬಂದು, ಕಾಲು ತೊಳೆಯಲೆಂದು ಒಳಗೆ ಹೋದೆ. ಗೂಡಿನಲ್ಲಿ ಸೀಗೆಪುಡಿಯ ಡಬ್ಬಿ, ಅದರ ಪಕ್ಕ ಒಂದು ಬಿಳಿ ಬಿಲ್ಲೆ. ಅಂಗೈಯಗಲ ಇದೆ. ಕಲ್ಲೆಂದುಕೊಂಡು ಎತ್ತಿದರೆ ಕಲ್ಲಿನಷ್ಟು ಭಾರವಿಲ್ಲ, ಉಗುರಿನಿಂದ ಮೀಟಿದರೆ ಪಿಂಗಾಣಿಯ ಹಾಗೆ ಸಣ್ಣಗೆ ಸದ್ದು ಮಾಡುತ್ತದೆ. ಹೊರಗೆ ತಂದು ಆಯಿಯನ್ನು ಕೇಳಿದೆ, ಇದೇನೆಂದು. ಎಂಬತ್ತು ದಾಟಿದ ಜೀವ. "ಹಿಮ್ಮಡ ತಿಕ್ಕೂ ಕಲ್ಲು. ಛಲೋ ತಿಕ್ಕತೈತಿ ನೋಡ್ರಿ. ಪ್ಯಾಟ್ಯಾಗಿನ ಕಲ್ಲು ಎಂಟ ದಿನಕ್ಕ ಸವೀತಾವ, ಇದಕ್ಕ ಆರು ವರ್ಷ ಆತು" ಅಂದರು. ಮೊಮ್ಮಗ ಯಾವುದೋ ಕಡಲತೀರದ ಊರಿಗೆ ಹೋದಾಗ ಶಂಖ, ಕವಡೆ ಮಾರುವ ಅಂಗಡಿಯಿಂದ ತಂದದ್ದಂತೆ. ಮೊದಲು ಶೋಕೇಸಿನಲ್ಲಿ ಗೋಳಗುಮ್ಮಟದ ಗೊಂಬೆಯ ಪಕ್ಕ ಇತ್ತು. ಧೂಳು ಕೂತಿತು, ತೊಳೆಯಲು ಬಚ್ಚಲಿಗೆ ಬಂತು, ಅಲ್ಲೇ ಉಳಿಯಿತು.

ಬಿಸಿಲಿಗೆ ಹಿಡಿದು ನೋಡಿದೆ. ಮೇಲ್ಮೈ ತುಂಬ ತೆಳ್ಳನೆಯ ಹಲಗೆಗಳು ಎದ್ದು ನಿಂತಿವೆ. ನಡುವಿನ ಒಂದು ಸೀಳಿನಿಂದ ಹೊರಟು ಅಂಚಿನವರೆಗೆ, ಚಕ್ಕಡಿ ಗಾಲಿಯ ಅರಗಳು ಗುಂಬದಿಂದ ಹೊರಟ ಹಾಗೆ. ನೂರಕ್ಕೂ ಮಿಗಿಲು ಇರಬಹುದು, ಎಣಿಸಲು ಹೋಗಿ ಎರಡು ಸಲ ತಪ್ಪಿತು. ಒಂದೊಂದು ಹಲಗೆಯ ಅಂಚಿಗೂ ಗರಗಸದಂಥ ಹಲ್ಲು. ಆಯಿಯ ಹಿಮ್ಮಡ ನುಣುಪಾದದ್ದು ಈ ಹಲ್ಲುಗಳಿಂದ. ಮಗುಚಿದರೆ ಕೆಳಗೆ ಗುಳ್ಳೆಗುಳ್ಳೆಯ ಒರಟು ಮೈ, ನಟ್ಟನಡುವೆ ಮಾಸಿದ ದುಂಡನೆಯ ಗುರುತು, ಹಳೆಯ ಗಾಯ ಮಾಯ್ದ ಜಾಗದ ಹಾಗೆ. ಮಳೆಗಾಲದಲ್ಲಿ ತಿಪ್ಪೆಯ ಮೇಲೆ ಏಳುವ ನಾಯಿಕೊಡೆಯನ್ನು ಕಿತ್ತು, ಕಾಲು ಮುರಿದು, ಬೋರಲು ಹಾಕಿದರೆ ಹೇಗೆ ಕಾಣುತ್ತದೋ ಹಾಗೆಯೇ ಇತ್ತು.

ಜಗತ್ತಿನವರೆಲ್ಲ ಅದನ್ನು ಅಣಬೆ ಹವಳ ಎನ್ನುವುದು ಇದಕ್ಕೇ. 1758ರಲ್ಲಿ ನಿಸರ್ಗವಿಜ್ಞಾನಿ ಲಿನೇಯಸ್ ಇದಕ್ಕೆ ಹೆಸರಿಡುವಾಗಲೂ ಅಣಬೆಯ ಲ್ಯಾಟಿನ್ ಪದವನ್ನೇ ಹಿಡಿದ. ಇಂದು ಫಂಗಿಯಾ ಫಂಗೈಟಿಸ್ ಎಂದು ಕರೆಯುತ್ತಾರೆ. ಅಣಬೆಯಂಥ ಅಣಬೆ ಎಂದ ಹಾಗಾಯಿತು. ಅದು ಕಲ್ಲಲ್ಲ, ಗಿಡವೂ ಅಲ್ಲ. ಪ್ರಾಣಿಯ ಎಲುಬು. ನಡುವಿನ ಸೀಳು ಆ ಪ್ರಾಣಿಯ ಬಾಯಿ ಇದ್ದ ಜಾಗ.

ಹವಳ ಎಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ಕೆಂಪು. ವಿಜಯಪುರದ ಸರಾಫರ ಅಂಗಡಿಯಲ್ಲಿ ತಾಳಿಸರಕ್ಕೆ ಪೋಣಿಸುವ ಹವಳ, ಮಂಗಳ ಗ್ರಹಕ್ಕೆಂದು ಉಂಗುರದಲ್ಲಿ ಕೂರಿಸುವ ಹವಳ. ಅದು ಬೇರೆ ಜಾತಿ. ಮೆಡಿಟರೇನಿಯನ್ ಸಮುದ್ರದ ಆಳದಲ್ಲಿ ಕೊಂಬೆಕೊಂಬೆಯಾಗಿ ಬೆಳೆಯುತ್ತದೆ. ಇಟಲಿಯ ನೇಪಲ್ಸ್ ಬಳಿಯ ಟೊರ್ರೆ ದೆಲ್ ಗ್ರೆಕೊ ಎಂಬ ಊರು ತಲೆಮಾರುಗಳಿಂದ ಅದನ್ನು ಕೊರೆದು, ಉಜ್ಜಿ, ಮಣಿ ಮಾಡಿ ಬದುಕಿದೆ. ಕೆಂಪು ಹವಳ ಹಡಗೇರಿ ಗೋವೆಗೆ ಬಂದು, ಬದಲಿಗೆ ನಮ್ಮ ಕಡೆಯ ವಜ್ರ ಅತ್ತ ಹೋಗುತ್ತಿದ್ದ ಕಾಲವೊಂದಿತ್ತು. ಆ ಗೋವೆ 1510ರವರೆಗೆ ನಮ್ಮ ಆದಿಲಶಾಹಿಗಳದೇ ಬಂದರು. ಕೆಂಪು ಹವಳವನ್ನು ಇಲ್ಲಿಗೆ ಬಿಡುತ್ತೇನೆ. ತಾಳಿಯ ಹವಳ ತೆಗೆದಿಡಿ ಎಂದು ಹೇಳಲು ಬಂದವನಲ್ಲ ನಾನು. ಯಾರ ಮನೆಯಲ್ಲೂ ಜಗಳ ಬೇಡ.

ದಿಬ್ಬ ಕಟ್ಟುವ ಹವಳಗಳದು ಇನ್ನೊಂದು ಕುಲ. ಅವು ಓಣಿಯಲ್ಲಿ ಬದುಕುವ ಜನ. ಒಂದೊಂದು ಹುಳದಂಥ ಜೀವಿ, ಪಾಲಿಪ್ ಎನ್ನುತ್ತಾರೆ, ಜೋಳದ ಕಾಳಿನಷ್ಟೋ ಅದಕ್ಕಿಂತ ಚಿಕ್ಕದೋ ಇರುತ್ತದೆ. ಸಾವಿರಾರು ಪಾಲಿಪ್‌ಗಳು ಗೋಡೆಗೆ ಗೋಡೆ ಹಚ್ಚಿ ಸುಣ್ಣದ ಮನೆ ಕಟ್ಟಿಕೊಳ್ಳುತ್ತವೆ. ನಾವು ಒಂದು ಹವಳ ಎನ್ನುವುದು ನಿಜಕ್ಕೂ ಒಂದು ಊರು. ಅಣಬೆ ಹವಳದ ಮನೆತನದಲ್ಲಿ ಹಲವು ಜಾತಿಗಳು ಹಾಗಲ್ಲ. ಇಡೀ ಬಿಲ್ಲೆಗೆ ಒಂದೇ ಪಾಲಿಪ್, ಒಂದೇ ಬಾಯಿ. ಗೋಳಗುಮ್ಮಟದ ಒಳಗೆ ಹೊಕ್ಕವರಿಗೆ ನಾನು ಹೇಳುವುದು ತಿಳಿಯುತ್ತದೆ. ಬೇರೆ ಕಟ್ಟಡದಲ್ಲಿ ಕೋಣೆ, ಪಡಸಾಲೆ, ಕಂಬ. ಅಲ್ಲಿ ಒಂದೂ ಕಂಬವಿಲ್ಲ. ನಾಲ್ಕು ಗೋಡೆ, ಮೇಲೊಂದು ಗುಮ್ಮಟ, ನಡುವೆ ಒಂದೇ ಬಯಲು. ಅಣಬೆ ಹವಳ ಅಂಥ ಗುಮ್ಮಟ, ಗೇಣುದ್ದದ ಅಳತೆಯಲ್ಲಿ. ಹೀಲಿಯೊಫಂಗಿಯಾ ಎಂಬ ಜಾತಿಯ ಬಿಲ್ಲೆ 20 ಸೆಂಟಿಮೀಟರ್‌ವರೆಗೂ ಬೆಳೆಯುತ್ತದೆ. ಅದು ತನ್ನ ಉದ್ದನೆಯ ಮೀಸೆಗಳನ್ನು ಹರಡಿ ಕೂತರೆ ಹವಳ ಎಂದು ಯಾರೂ ಹೇಳಲಾರರು. ನೀರಿನಲ್ಲಿ ತೂಗುವ ಸೇವಂತಿಗೆ ಎನ್ನುತ್ತಾರೆ. ಹವಳ ಲೋಕದಲ್ಲಿ ಅದರಷ್ಟು ದೊಡ್ಡ ಪಾಲಿಪ್ ಇರುವ ಜಾತಿ ಅಪರೂಪ.

ಇದರ ಬಾಳಿನ ಕತೆ ಬಸವನ ಬಾಗೇವಾಡಿಯ ಜಿಲ್ಲೆಯವರಿಗೆ ಬೇಗ ಅರ್ಥವಾಗಬೇಕು. ಸ್ಥಾವರ, ಜಂಗಮ ಎಂಬ ಎರಡು ಮಾತು ನಮ್ಮ ಮನೆಮಾತು. ಹವಳ ಎಂದರೆ ಸ್ಥಾವರ. ಮರಿಯಾಗಿದ್ದಾಗ ನೀರಲ್ಲಿ ತೇಲಿ, ಒಂದು ಬಂಡೆ ಹುಡುಕಿ ಅಂಟಿಕೊಂಡರೆ ಮುಗಿಯಿತು, ಸಾಯುವ ತನಕ ಅಲ್ಲೇ. ಅಣಬೆ ಹವಳದ ಮರಿಯೂ ಬಂಡೆಗೆ ಅಂಟುತ್ತದೆ. ಗಿಡ್ಡ ಕಾಂಡದ ಮೇಲೆ ಕೊಡೆ ಬಿಚ್ಚಿದಂತೆ ಬೆಳೆಯುತ್ತದೆ. ಕೊಡೆ ಒಂದು ಅಳತೆಗೆ ಬಂದ ಮೇಲೆ ಕಾಂಡದ ಕುತ್ತಿಗೆಯಲ್ಲಿ ಸುಣ್ಣ ಕರಗಿ ಸಡಿಲಾಗುತ್ತದೆ, ಬಿಲ್ಲೆ ಕಳಚಿ ಮರಳಿನ ಮೇಲೆ ಬೀಳುತ್ತದೆ. ಅಲ್ಲಿಂದ ಮುಂದೆ ಅದು ಯಾವುದಕ್ಕೂ ಕಟ್ಟುಬಿದ್ದದ್ದಲ್ಲ. ಆಯಿಯ ಕಲ್ಲಿನ ಕೆಳಗೆ ನಾನು ಕಂಡ ಮಾಸಿದ ಗುರುತು ಆ ಕಳಚಿದ ಗಾಯದ್ದು, ಹೊಕ್ಕುಳ ಇದ್ದ ಹಾಗೆ. ಬಂಡೆಯ ಮೇಲೆ ಉಳಿದ ಕಾಂಡ ಕೂಡ ಸುಮ್ಮನಿರುವುದಿಲ್ಲ, ಮತ್ತೊಂದು ಕೊಡೆ ಬಿಚ್ಚಬಲ್ಲದು.

ಕಟ್ಟಿಲ್ಲದ್ದು ಎಂದರೆ ನಡೆಯುತ್ತದೆಯೇ? ನಡೆಯುತ್ತದೆ. ಮೈಯ ಮೆತ್ತನೆ ಭಾಗಕ್ಕೆ ನೀರು ತುಂಬಿ ಉಬ್ಬಿಸಿಕೊಳ್ಳುತ್ತದೆ, ಅಂಚನ್ನು ನೆಲದಿಂದ ಎತ್ತುತ್ತದೆ, ಹಿಚುಕಿದ ಹಾಗೆ ಕುಗ್ಗುತ್ತದೆ, ಕೂದಲೆಳೆಯಷ್ಟು ಮುಂದೆ ಜಾರುತ್ತದೆ. ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್ ತಾಂತ್ರಿಕ ವಿಶ್ವವಿದ್ಯಾಲಯದವರು ಸೈಕ್ಲೋಸೆರಿಸ್ ಎಂಬ ಪುಟ್ಟ ಅಣಬೆ ಹವಳದ ಮುಂದೆ ಕ್ಯಾಮೆರಾ ಇಟ್ಟು, ತಾಸುಗಟ್ಟಲೆ ನಡಿಗೆಯನ್ನು ಕೆಲವೇ ಕ್ಷಣಕ್ಕೆ ಇಳಿಸಿ, 2025ರಲ್ಲಿ ಅದನ್ನು ಪ್ರಕಟಿಸಿದರು. ನೋಡಿದರೆ ಲೋಳೆಮೀನು ಈಜುವ ಬಗೆಯದೇ ನಡೆ. ಒಂದು ಬದಿ ಬಿಳಿ ಬೆಳಕು, ಇನ್ನೊಂದು ಬದಿ ನೀಲಿ ಬೆಳಕು ಇಟ್ಟರೆ ಅದು ನೀಲಿಯ ಕಡೆಗೆ ಹೊರಟಿತು. ಕಡಲಿನಲ್ಲಿ ಆಳಕ್ಕೆ ಇಳಿದಂತೆ ಉಳಿದ ಬಣ್ಣ ಸೋಸಿ ಹೋಗಿ ನೀಲಿ ಮಾತ್ರ ಉಳಿಯುತ್ತದೆ. ಅಲೆಯ ಹೊಡೆತವಿಲ್ಲದ, ಮರಳಿನ ನೆಮ್ಮದಿಯ ಜಾಗ ಯಾವ ದಿಕ್ಕಿಗಿದೆ ಎಂದು ಕಣ್ಣಿಲ್ಲದ ಈ ಜೀವಿಗೆ ನೀಲಿ ಬೆಳಕೇ ತೋರಿಸುತ್ತದೆ. ಮರಳು ಮೇಲೆ ಬಿದ್ದು ಹೂತರೆ ಮೈ ಉಬ್ಬಿಸಿ ಕೊಡವಿಕೊಂಡು ಮೇಲೆ ಬರುತ್ತದೆ. ಬೋರಲು ಬಿದ್ದರೆ ಎಷ್ಟೋ ಜಾತಿಗಳು ತಾವೇ ಮಗುಚಿಕೊಳ್ಳುತ್ತವೆ. ಅವಸರವಿಲ್ಲ, ತಾಸುಗಳು ಹಿಡಿದರೆ ಹಿಡಿಯಲಿ.

ಉಣ್ಣುವುದರಲ್ಲಿ ಮಾತ್ರ ಈ ಜಂಗಮ ಸಂಯಮಿ ಅಲ್ಲ. ಹಗಲು ಅದರ ಮೈಯೊಳಗೆ ಮನೆಮಾಡಿದ ಪಾಚಿ ಬಿಸಿಲು ಹಿಡಿದು ಸಕ್ಕರೆ ಮಾಡಿ ಕೊಡುತ್ತದೆ. ಹೊಲವನ್ನು ಪಾಲಿಗೆ ಹಾಕಿದ ವ್ಯವಹಾರ ಇದು: ಜಾಗ ಹವಳದ್ದು, ದುಡಿಮೆ ಪಾಚಿಯದು, ರಾಶಿಯ ದೊಡ್ಡ ಪಾಲು ಹೊಲದ ಒಡೆಯನಿಗೆ. ಹವಳಕ್ಕೆ ಬಣ್ಣ ಬರುವುದೂ ಆ ಪಾಚಿಯಿಂದ. ಇಷ್ಟಾದರೂ ಸಾಲದೆ ಸಿಕ್ಕಿದ್ದನ್ನು ಹಿಡಿದು ನುಂಗುತ್ತದೆ. ಕೆಂಪು ಸಮುದ್ರದಲ್ಲಿ ಅಣಬೆ ಹವಳವೊಂದು ತನ್ನಷ್ಟೇ ಗಾತ್ರದ ಲೋಳೆಮೀನನ್ನು ನುಂಗುತ್ತಿದ್ದದ್ದನ್ನು ಮುಳುಗುಗಾರ ವಿಜ್ಞಾನಿಗಳು ಕಂಡು 2009ರಲ್ಲಿ ವರದಿ ಮಾಡಿದರು. ಹವಳ ಲೋಳೆಮೀನು ತಿಂದೀತು ಎಂದು ಅಲ್ಲಿಯ ತನಕ ಯಾರೂ ಎಣಿಸಿರಲಿಲ್ಲ. ಇನ್ನೊಂದು ವಿಚಾರ, ಹೇಳಲೋ ಬೇಡವೋ ಅಂದುಕೊಂಡೇ ಹೇಳುತ್ತೇನೆ. ಇಸ್ರೇಲಿನ ಯೋಸಿ ಲೋಯಾ ಮತ್ತು ಜಪಾನಿನ ಕಝುಹಿಕೊ ಸಕಾಯಿ ಎಂಬ ವಿಜ್ಞಾನಿಗಳು ಒಕಿನಾವಾದ ಕಡಲಲ್ಲಿ ಒಂದೊಂದು ಅಣಬೆ ಹವಳಕ್ಕೂ ಗುರುತು ಹಾಕಿ, ವರ್ಷವರ್ಷ ಹೋಗಿ ನೋಡಿದರು. ಸಣ್ಣವು ಗಂಡು, ಬೆಳೆದವು ಹೆಣ್ಣು. ಒಂದು ಜಾತಿಯಲ್ಲಂತೂ ಹೆಣ್ಣಾದದ್ದು ಮರುವರ್ಷ ಗಂಡಾದದ್ದೂ ಕಂಡಿತು. ಮೊಟ್ಟೆ ಹೊರುವುದಕ್ಕೆ ಖರ್ಚು ಹೆಚ್ಚು. ಕೈಲಾಗದ ವರ್ಷ ಗಂಡಾಗಿ ಉಳಿಯುವುದು ಲಾಭ ಎಂಬುದು ಅವರು ಕೊಟ್ಟ ವಿವರಣೆ.

ಈ ಬಿಲ್ಲೆಯನ್ನು ಆಯಿಯಿಂದ ಒಂದು ದಿನದ ಮಟ್ಟಿಗೆ ಕೇಳಿಕೊಂಡು ಬಬಲೇಶ್ವರದ ಒಂದು ಶಾಲೆಗೆ ಒಯ್ದೆ. ಸಮುದ್ರ ನೋಡಿದವರು ಕೈ ಎತ್ತಿ ಎಂದಾಗ ಎದ್ದದ್ದು ಆರು ಕೈ. ಅದರಲ್ಲಿ ಒಂದು ಆಲಮಟ್ಟಿಯ ಹಿನ್ನೀರು ನೋಡಿ ಬಂದ ಕೈ. ಅದು ಸುಳ್ಳೆನ್ನಲು ನನಗೂ ಬಾಯಿ ಬರಲಿಲ್ಲ. ಬಿಲ್ಲೆ ಕೈಯಿಂದ ಕೈಗೆ ಹೋಯಿತು. ಕೊನೆಯ ಸಾಲಿನ ಒಬ್ಬ ಹುಡುಗಿ ಅದನ್ನು ಎರಡೂ ಕೈಯಲ್ಲಿ ಹಿಡಿದು ಕೇಳಿದಳು: "ಇದಕ್ಕ ಒಬ್ಬಂಟಿ ಅನಸೂದಿಲ್ಲೇನ್ರಿ ಸರ?" ನಾನು ಅಂದೆ, ಬಾಯಿ ಒಂದೇ ಆದರೂ ಮನೆ ತುಂಬ ಜನ. ಹೀಲಿಯೊಫಂಗಿಯಾದ ಮೀಸೆಗಳ ನಡುವೆ ಗಾಜಿನಂಥ ಸಣ್ಣ ಸೀಗಡಿಗಳು ಇರುತ್ತವೆ. ಬಿಳಿಯ ದಾರದಂಥ ಕೊಳವೆಮೀನು ಒಂದಿದೆ, ಅದು ಈ ಹವಳವನ್ನೇ ಊರು ಮಾಡಿಕೊಂಡಿದೆ. ಕುಟುಕುವ ಮೀಸೆಗಳ ನಡುವೆ ಅವಕ್ಕೆ ಭಯವಿಲ್ಲ, ದೊಡ್ಡ ಮೀನು ಹತ್ತಿರ ಬರಲು ಹೆದರುತ್ತದೆ. ಹವಳ ಹೋದ ದಿನ ಆ ಬಿಡಾರವೂ ಹೋಗುತ್ತದೆ.

ಆಮೇಲೆ ಇಂಡಿ ಸೀಮೆಯ ಲಿಂಬೆಹಣ್ಣು ತರಿಸಿದೆ. ಬಿಲ್ಲೆಯ ಕೆಳಬದಿಗೆ, ಅಂಚಿನಲ್ಲಿ, ಎರಡು ಹನಿ ಹಿಂಡಿದೆ. ಕಣ್ಣು ಹತ್ತಿರ ತಂದವರಿಗೆ ಸಣ್ಣ ಸಣ್ಣ ಗುಳ್ಳೆ ಏಳುವುದು ಕಂಡಿತು. ಅದೇ ರಸವನ್ನು ಶಾಲೆಯ ಪಡಸಾಲೆಗೆ ಹಾಸಿದ ಶಹಾಬಾದ ಕಲ್ಲಿನ ಮೇಲೆ ಹಿಂಡಿದೆವು, ಅಲ್ಲೂ ಗುಳ್ಳೆ. ಅಂಗಳದ ಕರಿಕಲ್ಲಿನ ಮೇಲೆ ಹಿಂಡಿದೆವು, ಏನೂ ಇಲ್ಲ. ಕರಿಕಲ್ಲು ಬೆಂಕಿಯ ಮಗ, ಆರೂವರೆ ಕೋಟಿ ವರ್ಷದ ಹಿಂದೆ ಹರಿದ ಲಾವಾ. ಶಹಾಬಾದ ಕಲ್ಲು ನೀರಿನ ಮಗ. ಭೀಮಾ ಸೀಮೆಯನ್ನು ಆಳವಲ್ಲದ ಸಮುದ್ರವೊಂದು ಮುಚ್ಚಿದ್ದಾಗ ತಳದಲ್ಲಿ ಕೂತ ಸುಣ್ಣ. ಹವಳ ಎಂಬ ಜೀವಿ ಹುಟ್ಟುವ ಮೊದಲಿನ ಕಡಲು ಅದು. ಅಂದಮೇಲೆ ಹಿಂದೊಮ್ಮೆ ಸಮುದ್ರ ನಮ್ಮ ಕಡೆಗೇ ಬಂದಿತ್ತು. ಗೋಳಗುಮ್ಮಟದ ಕರಿಕಲ್ಲನ್ನು ಹಿಡಿದಿಟ್ಟ ಗಚ್ಚು ಸುಣ್ಣ, ಎಲೆಗೆ ಹಚ್ಚುವುದೂ ಸುಣ್ಣ, ಆಯಿಯ ಹಿಮ್ಮಡ ತಿಕ್ಕುವ ಬಿಲ್ಲೆಯೂ ಸುಣ್ಣ.

ಲಿಂಬೆಯ ಆಟ ಯಾಕೆಂದರೆ, ಕಡಲಿಗೂ ನಾವು ನಿಧಾನವಾಗಿ ಲಿಂಬೆ ಹಿಂಡುತ್ತಿದ್ದೇವೆ. ಕಲ್ಲಿದ್ದಲು, ಪೆಟ್ರೋಲು ಸುಟ್ಟ ಹೊಗೆಯ ಇಂಗಾಲದ ಡೈಆಕ್ಸೈಡಿನಲ್ಲಿ ಸರಿಸುಮಾರು ಕಾಲು ಭಾಗವನ್ನು ಸಮುದ್ರ ಹೀರಿಕೊಳ್ಳುತ್ತದೆ. ನೀರಿಗೆ ಸೇರಿ ಅದು ಆಮ್ಲವಾಗುತ್ತದೆ. ಕೈಗಾರಿಕೆ ಶುರುವಾಗುವ ಮೊದಲು ಸುಮಾರು 8.2 ಇದ್ದ ಕಡಲಿನ ಪಿಎಚ್ ಈಗ 8.1ರ ಆಸುಪಾಸಿಗೆ ಇಳಿದಿದೆ. ಎಷ್ಟು ಸಣ್ಣ ಅಂಕಿ ಅನ್ನಿಸಬಹುದು. ಆಮ್ಲೀಯತೆಯ ಲೆಕ್ಕದಲ್ಲಿ ಅದು ನೂರಕ್ಕೆ ಸುಮಾರು ಮೂವತ್ತರಷ್ಟು ಏರಿಕೆ. ಇದರಿಂದ ಹವಳ ನಾಳೆಯೇ ಕರಗಿಹೋಗುವುದಿಲ್ಲ. ಸುಣ್ಣ ಕಟ್ಟುವ ಕೆಲಸ ಅದಕ್ಕೆ ದುಬಾರಿಯಾಗುತ್ತದೆ, ಅಷ್ಟೆ. ಮೊದಲೇ ಅಣಬೆ ಹವಳದ ಬಿಲ್ಲೆ ಬೆಳೆಯುವುದು ವರ್ಷಕ್ಕೆ ಕೆಲವೇ ಮಿಲಿಮೀಟರ್. ಆಯಿಯ ಕಲ್ಲಿನ ವಯಸ್ಸು ಹತ್ತು ದಾಟಿಯೇ ಇರಬೇಕು.

ಅದಕ್ಕಿಂತ ದೊಡ್ಡ ಪೆಟ್ಟು ಬಿಸಿ. ನಮಗೆ ಏಪ್ರಿಲ್ ಎಂದರೆ 42 ಡಿಗ್ರಿ, ನೆರಳಲ್ಲಿ ಕೂತು ಮಜ್ಜಿಗೆ ಕುಡಿದು ದಾಟಿಬಿಡುತ್ತೇವೆ. ಹವಳದ ಲೆಕ್ಕವೇ ಬೇರೆ. ಅದರ ಕಡಲಿನ ಬೇಸಿಗೆಯ ವಾಡಿಕೆಯ ಬಿಸಿಗಿಂತ ಒಂದೇ ಒಂದು ಡಿಗ್ರಿ ಹೆಚ್ಚಾಗಿ, ಅದು ಕೆಲವು ವಾರ ಹಾಗೆಯೇ ನಿಂತರೆ ಸಾಕು, ಪಾಲುದಾರ ಪಾಚಿಯನ್ನು ಹವಳ ಮೈಯಿಂದ ಹೊರಗೆ ದಬ್ಬುತ್ತದೆ. ಪಾಚಿ ಹೋದರೆ ಬಣ್ಣ ಹೋಯಿತು, ಊಟ ಹೋಯಿತು. ಬಿಳಿಚಿದ ಹವಳ ತಕ್ಷಣ ಸತ್ತದ್ದಲ್ಲ, ಉಪವಾಸ ಬಿದ್ದದ್ದು. ನೀರು ಬೇಗ ತಂಪಾದರೆ ಚೇತರಿಸಿಕೊಂಡೀತು. 1998, 2010, 2016, ಮತ್ತೆ 2024, ಹೀಗೆ ಕಡಲು ಕಾದ ವರ್ಷಗಳು ಹತ್ತಿರ ಹತ್ತಿರ ಬರುತ್ತಿವೆ. ಎರಡು ಬರಗಳ ನಡುವೆ ಒಂದು ಒಳ್ಳೆ ಮಳೆಗಾಲ ಸಿಗದ ರೈತನ ಪಾಡೇನೆಂದು ಈ ಜಿಲ್ಲೆಗೆ ಬಿಡಿಸಿ ಹೇಳಬೇಕಾಗಿಲ್ಲ.

ಇದು ನಡೆಯುತ್ತಿರುವುದು ಎಲ್ಲೋ ದೂರದಲ್ಲಲ್ಲ. ಲಕ್ಷದ್ವೀಪದಲ್ಲಿ. ಅಣಬೆ ಹವಳಗಳು ಅಲ್ಲಿವೆ, ಅಂಡಮಾನಿನಲ್ಲೂ ಇವೆ. ಲಕ್ಷದ್ವೀಪದ ಉತ್ತರದ ದ್ವೀಪಗಳಾದ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ಇವುಗಳನ್ನು ಒಟ್ಟಾಗಿ ಅಮಿನದಿವಿ ಎನ್ನುತ್ತಿದ್ದರು. 1787ರಿಂದ ಅವು ಟಿಪ್ಪುವಿನ ಕೈಯಲ್ಲಿದ್ದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲಿಷರಿಗೆ ಸೇರಿ, ಮಂಗಳೂರಿನ ಕಲೆಕ್ಟರರ ಆಡಳಿತದಲ್ಲಿ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿ ಉಳಿದವು. ಕನ್ನಡ ಜಿಲ್ಲೆಗೆ ಸೇರಿದ ಹವಳದ ನೆಲ ನಿಜವಾಗಿ ಇತ್ತು. ಅದು ಕೈಬಿಟ್ಟದ್ದು 1956ರ ನವೆಂಬರ್ 1ರಂದು, ಕೇಂದ್ರಾಡಳಿತ ಪ್ರದೇಶವಾದಾಗ. ಅದೇ ದಿನ ನಮ್ಮ ವಿಜಾಪುರ ಜಿಲ್ಲೆ ಮುಂಬಯಿ ಸೀಮೆಯಿಂದ ಬಿಡಿಸಿಕೊಂಡು ಕನ್ನಡ ರಾಜ್ಯಕ್ಕೆ ಸೇರಿತು. ನಾವು ಬಂದ ದಿನವೇ ಅವು ಹೋದವು.

ಸಂಬಂಧ ಪೂರ್ತಿ ಕಡಿದಿಲ್ಲ. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಸಂಸ್ಥೆಯವರು 1998ರಿಂದ ಲಕ್ಷದ್ವೀಪದ ದಿಬ್ಬಗಳನ್ನು ಮುಳುಗಿ ಮುಳುಗಿ ಅಳೆದಿದ್ದಾರೆ. 24 ವರ್ಷದ ಆ ಲೆಕ್ಕ ಹೇಳುವುದಿಷ್ಟು: ಆಗ ತಳದ ನೂರು ಪಾಲಿನಲ್ಲಿ ಸುಮಾರು 37 ಪಾಲು ಜೀವಂತ ಹವಳವಿತ್ತು, 2022ಕ್ಕೆ ಅದು 19ಕ್ಕೆ ಇಳಿಯಿತು. ಕೊಂಬೆ ಹವಳಗಳು ಮೊದಲು ಸಾಯುತ್ತವೆ. ಅಣಬೆ ಹವಳ ತುಸು ಗಟ್ಟಿಜೀವ ಎಂದು ಹಲವು ಕಡೆ ಕಂಡುಬಂದಿದೆ. ಸತ್ತೇಹೋಯಿತು ಅನ್ನಿಸಿದ ಬಿಲ್ಲೆಯಲ್ಲಿ ಎಲ್ಲೋ ಸಂದಿಯಲ್ಲಿ ಒಂದು ಚೂರು ಜೀವ ಉಳಿದು, ಅದರಿಂದ ಸಣ್ಣ ಸಣ್ಣ ಮರಿಕೊಡೆಗಳು ಏಳುವುದನ್ನು ಕೆಂಪು ಸಮುದ್ರದಲ್ಲಿ ಗಮನಿಸಿದ್ದಾರೆ. ಹಳೆ ಬಿಲ್ಲೆಯ ಮೇಲೆ ಮರಿ ದೊಡ್ಡದಾಗಿ, ಕಳಚಿ, ತನ್ನ ದಾರಿ ಹಿಡಿಯುತ್ತದೆ.

ಈ ಒಂದು ಸಂಗತಿಯನ್ನು ದಯವಿಟ್ಟು ನೆನಪಿಡಿ, ಯಾಕೆಂದರೆ ಅಂಗಡಿಯವನ ಮಾತಿಗೆ ಇದರಲ್ಲೇ ಉತ್ತರವಿದೆ. "ಜೀವಂತ ಇದ್ದದ್ದನ್ನು ಕಿತ್ತದ್ದಲ್ಲ ಸಾಹೇಬರೆ, ಸತ್ತು ದಂಡೆಗೆ ಬಂದದ್ದನ್ನು ಆರಿಸಿದ್ದು" ಎನ್ನುತ್ತಾನೆ ಆತ. ಸತ್ತಂತೆ ಕಂಡದ್ದು ಸತ್ತಿತ್ತೋ ಇಲ್ಲವೋ ಎಂಬುದು ಅವನಿಗೂ ಗೊತ್ತಿಲ್ಲ, ನಮಗೂ ಗೊತ್ತಾಗುವುದಿಲ್ಲ. ನಿಜವಾಗಿ ಸತ್ತದ್ದೇ ಆದರೂ ಆ ಸುಣ್ಣದ ಬಿಲ್ಲೆ ಬೇರೆ ಹವಳದ ಮರಿ ಅಂಟಿಕೊಳ್ಳಬಹುದಾದ ನೆಲ. ಬೇರೆ ಹವಳ ಕೀಳಲು ಉಳಿ, ಸುತ್ತಿಗೆ ಬೇಕು, ಒಡೆದ ಗುರುತು ಉಳಿಯುತ್ತದೆ. ಅಣಬೆ ಹವಳಕ್ಕೆ ಏನೂ ಬೇಡ. ಬಗ್ಗಿ ಎತ್ತಿದರೆ ಮುಗಿಯಿತು, ಕೆಂಡದ ಮೇಲಿನ ರೊಟ್ಟಿ ಎತ್ತಿದ ಹಾಗೆ. ಅದು ಸಂಪಾದಿಸಿಕೊಂಡ ಬಿಡುಗಡೆಯೇ ಅದಕ್ಕೆ ಮುಳುವಾಗಿದೆ ಎಂದು ನನಗೆ ಅನ್ನಿಸುತ್ತದೆ.

ಜೀವಂತ ವ್ಯಾಪಾರವೂ ಉಂಟು. ದೊಡ್ಡ ಊರುಗಳಲ್ಲಿ ಉಪ್ಪುನೀರಿನ ಗಾಜಿನ ತೊಟ್ಟಿ ಇಡುವ ಶೋಕಿ ಬೆಳೆದಿದೆ. ನೀಲಿ ದೀಪದ ಕೆಳಗೆ ಕಡಲಹೂವು, ಹವಳ, ಬಣ್ಣದ ಮೀನು. ಹೀಲಿಯೊಫಂಗಿಯಾ ಅಂಥ ತೊಟ್ಟಿಗಳಿಗೆ ಇಂಡೊನೇಷ್ಯಾ ಕಡೆಯಿಂದ ಲೆಕ್ಕವಿಲ್ಲದಷ್ಟು ಹೋಗಿದೆ, ತೊಟ್ಟಿಯಲ್ಲಿ ಬಹುಕಾಲ ಬಾಳುವುದೂ ಕಡಿಮೆ. 2008ರಲ್ಲಿ ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟ ತನ್ನ ಕೆಂಪು ಪಟ್ಟಿಯಲ್ಲಿ ಅದನ್ನು ಅಪಾಯಕ್ಕೆ ಈಡಾಗಬಲ್ಲ ಜಾತಿಗಳ ಸಾಲಿಗೆ ಸೇರಿಸಿತು. ಕಲ್ಲುಹವಳಗಳೆಲ್ಲವೂ ವನ್ಯಜೀವಿ ವ್ಯಾಪಾರ ನಿಯಂತ್ರಿಸುವ ಸೈಟೀಸ್ ಒಪ್ಪಂದದ ಎರಡನೆಯ ಪಟ್ಟಿಯಲ್ಲಿವೆ. ದೇಶದ ಗಡಿ ದಾಟಲು ಪರವಾನಗಿ ಬೇಕೇ ಬೇಕು.

ನಮ್ಮ ದೇಶದ ಕಾನೂನು ಇದಕ್ಕಿಂತ ಬಿಗಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ 2001ರಲ್ಲಿ ದಿಬ್ಬ ಕಟ್ಟುವ ಹವಳಗಳನ್ನು ಸೇರಿಸಿದರು. ಹುಲಿಗೆ ಇರುವ ರಕ್ಷಣೆಯೇ ಆಯಿಯ ಹಿಮ್ಮಡದ ಕಲ್ಲಿಗೂ. ಮಾರುವುದು, ಕೊಳ್ಳುವುದು ಅಪರಾಧ. ಮೂರರಿಂದ ಏಳು ವರ್ಷದ ಜೈಲು ಎಂದು ಕಾಯ್ದೆ ಹೇಳುತ್ತದೆ. ನೆಂಟರ ಮನೆಯಲ್ಲಿ ಇದನ್ನು ಹೇಳಿದಾಗ ಮೊಮ್ಮಗನ ಮುಖ ಸಪ್ಪಗಾಯಿತು. ಅವನಿಗೆ ಗೊತ್ತಿರಲಿಲ್ಲ. ಹುಲಿಚರ್ಮವನ್ನು ಯಾರಾದರೂ ನೂರಿಪ್ಪತ್ತು ರೂಪಾಯಿಗೆ, ಕವಡೆ ಸರದ ಪಕ್ಕ ಇಟ್ಟು ಮಾರಿದರೆ ನಮಗೆ ಅನುಮಾನ ಬರುತ್ತಿತ್ತು. ಇನ್ನೊಂದು ಮೋಸವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಇಂದ್ರಜಾಲ ಎಂಬ ಬೇರು, ಮನೆಯಲ್ಲಿ ಚೌಕಟ್ಟು ಹಾಕಿ ತೂಗುಹಾಕಿದರೆ ದೃಷ್ಟಿ ತಗಲುವುದಿಲ್ಲ, ಲಕ್ಷ್ಮಿ ನಿಲ್ಲುತ್ತಾಳೆ ಎಂದು ಮೊಬೈಲಿನಲ್ಲೇ ಮಾರುತ್ತಾರೆ. ಅದು ಬೇರಲ್ಲ, ಸಮುದ್ರ ಬೀಸಣಿಗೆ ಎಂಬ ಹವಳದ ನೆಂಟ. ಅದೂ ಮೊದಲ ಅನುಸೂಚಿಯಲ್ಲೇ ಇದೆ. ಲಕ್ಷ್ಮಿ ನಿಲ್ಲುವುದಿರಲಿ, ಅರಣ್ಯ ಇಲಾಖೆಯವರು ಬಾಗಿಲಲ್ಲಿ ನಿಂತಾರು.

ಕರ್ನಾಟಕದ ಕಡಲಲ್ಲೂ ಹವಳ ಇದೆ ಎಂಬುದನ್ನು ಬಿಡಬಾರದು. ಮುರ್ಡೇಶ್ವರದ ದಂಡೆಯಿಂದ ಸುಮಾರು 19 ಕಿಲೋಮೀಟರ್ ಒಳಗೆ ನೇತ್ರಾಣಿ ನಡುಗಡ್ಡೆ. ಸುತ್ತಲಿನ ನೀರೊಳಗಿನ ಬಂಡೆಗಳ ಮೇಲೆ ಹವಳ, ಅದರ ನಡುವೆ ಬಣ್ಣಬಣ್ಣದ ಮೀನು. ಕೇಂದ್ರ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಅಲ್ಲಿನ ಜೀವಿಗಳ ಪಟ್ಟಿಯನ್ನು 2008ರಲ್ಲಿ ಪ್ರಕಟಿಸಿದ್ದಾರೆ. ಹಿಂದೆ ನೌಕಾಪಡೆ ಆ ದ್ವೀಪವನ್ನು ಗುರಿ ಇಟ್ಟು ಹೊಡೆಯುವ ಅಭ್ಯಾಸಕ್ಕೆ ಬಳಸುತ್ತಿತ್ತು, ಅದಕ್ಕೆ ವಿರೋಧವೂ ಎದ್ದಿತ್ತು. ಇಂದು ಅಲ್ಲಿಗೆ ಹೋಗುವವರಲ್ಲಿ ಹೆಚ್ಚಿನವರು ಉಸಿರಿನ ಸಿಲಿಂಡರ್ ಕಟ್ಟಿಕೊಂಡು ಮುಳುಗುವ ಪ್ರವಾಸಿಗರು. ನಮ್ಮ ಜಿಲ್ಲೆಯ ಹುಡುಗರೂ ರಜೆಗೆ ಹೋಗಿಬರುತ್ತಿದ್ದಾರೆ. ಹೋಗಲಿ, ನೋಡಲಿ. ಕಾಲಿನ ರೆಕ್ಕೆಪಟ್ಟಿ ಹವಳಕ್ಕೆ ತಾಗದ ಹಾಗೆ, ಕೈ ಜೇಬಿಗೆ ಹೋಗದ ಹಾಗೆ ನೋಡಿಕೊಂಡರೆ ಸಾಕು.

ವಿಜಯಪುರದಿಂದ ಅರಬ್ಬಿ ಸಮುದ್ರ ಹಕ್ಕಿ ಹಾರುವ ದಾರಿಯಲ್ಲಿ ಅಳೆದರೂ 250 ಕಿಲೋಮೀಟರ್ ಆದೀತು. ನಮ್ಮ ಕೃಷ್ಣೆ, ಭೀಮೆ, ಡೋಣಿ ಆ ಕಡೆ ಮುಖ ಕೂಡ ಹಾಕುವುದಿಲ್ಲ, ಮೂಡಣ ಕಡಲಿಗೆ ಹರಿಯುತ್ತವೆ. ಡೋಣಿಯ ನೀರು ಮಾತ್ರ ಬಾಯಿಗೆ ಹಾಕಿದರೆ ಉಪ್ಪು. ಆ ಉಪ್ಪುನೀರಿನ ದಂಡೆಯ ಎರಿ ಹೊಲ ಬೆಳೆದರೆ ಓಣಿಯೆಲ್ಲ ಕಾಳು ಎಂದು ನಮ್ಮ ಹಿರಿಯರು ಹೇಳಿಕೊಂಡು ಬಂದರು. ಬಬಲೇಶ್ವರದ ಆ ಹುಡುಗಿ ಕೊನೆಗೆ ಹೇಳಿದ್ದು ಕೂಡ ಡೋಣಿಯ ಮಾತೇ. "ನಮ್ಮ ಹಳ್ಳದಾಗ ಉಪ್ಪ ನೀರ ಐತ್ರಿ, ಅದರಾಗ ಬಿಟ್ಟರ ಬದಕತೈತೇನ್ರಿ?" ಇಲ್ಲ ಎಂದೆ. ಎಲ್ಲಿಂದ ತಂದರೋ ಅಲ್ಲಿಗೇ ಒಯ್ದು ಬಿಟ್ಟರೂ ಅದು ಇನ್ನು ಬದುಕುವುದಿಲ್ಲ.

ಕೇಳುಗರಲ್ಲಿ ಒಂದು ವಿನಂತಿ. ನಿಮ್ಮ ಶೋಕೇಸಿನಲ್ಲಿ ಇಂಥ ಬಿಲ್ಲೆ ಇದ್ದರೆ ಮಾರಬೇಡಿ, ಉಡುಗೊರೆ ಕೊಡಬೇಡಿ. ಅರಣ್ಯ ಇಲಾಖೆಯ ಕಚೇರಿಗೆ ಹೋಗಿ, ಇದ್ದದ್ದು ಇದ್ದಂತೆ ಹೇಳಿ ಒಪ್ಪಿಸಿ. ಮುಂದಿನ ಸಲ ಕಡಲೂರಿಗೆ ಹೋದಾಗ ಅಂಗಡಿಯಲ್ಲಿ ಬಿಳಿ ಅಣಬೆ ಕಂಡರೆ ಕೊಳ್ಳುವುದಂತೂ ಬೇಡ, ಬೆಲೆಯನ್ನೂ ಕೇಳಬೇಡಿ. ಹತ್ತು ಜನ ಬೆಲೆ ಕೇಳಿದರೆ ಅಂಗಡಿಯವನು ನಾಳೆ ಇಪ್ಪತ್ತು ತರಿಸುತ್ತಾನೆ.

ತಿಕೋಟಾದ ಬಿಲ್ಲೆಯನ್ನು ಮೊಮ್ಮಗನೇ ಒಯ್ದು ಒಪ್ಪಿಸಿ ಬಂದ. ಆಯಿಗೆ ಅವರದೇ ಹೊಲದ ಬದುವಿನಿಂದ ತೂತುತೂತಿನ ಕರಿಕಲ್ಲೊಂದನ್ನು ಆರಿಸಿ, ತೊಳೆದು, ಬಚ್ಚಲ ಗೂಡಿನಲ್ಲಿ ಇಟ್ಟಿದ್ದಾರೆ. ಮೊದಲಿನದರಷ್ಟು ಛಲೋ ತಿಕ್ಕುವುದಿಲ್ಲ ಎಂಬ ತಕರಾರು ಇನ್ನೂ ಮುಗಿದಿಲ್ಲ.